ಇರುವೆಗಳನ್ನು ನಂಬಿದ ಅಕ್ಕ

ಸಂತೇಬೆನ್ನೂರಿನ ಗುಜರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುತ್ತಿದ್ದ ಅಕ್ಕ ಯಾವ ಕ್ಯಾನನ್ನೂ ನೇರವಾಗಿ ಪುಡಿ ಮಾಡುವ ಯಂತ್ರಕ್ಕೆ ಬಿಡುತ್ತಿರಲಿಲ್ಲ. ಮೊದಲು ಅದರ ಬೆನ್ನು ತಟ್ಟಿ, "ಹೊಟ್ಟೆಯಾಗೆ ಏನೈತೆ, ನಿಜ ಹೇಳು" ಎನ್ನುತ್ತಿದ್ದಳು. ಬೆಳೆಗೆ ಹೊಡೆಯುವ ಔಷಧದ ಘಾಟು ಬಂದರೆ ಅದು ಬೇಲಿಯಾಚೆಗೆ. ಮೈಮೇಲಿನ ಚೀಟಿಯಲ್ಲಿ ಸಿಹಿ ತುಂಬಿದ್ದೆಂದು ಹೇಳಿಕೊಳ್ಳುವ ಕ್ಯಾನಾದರೆ ಗೋಡೆಯ ಬದಿಯ ಇರುವೆ ಸಾಲಿನ ಪಕ್ಕಕ್ಕೆ.

ಬಿ.ಎಸ್ಸಿ. ಮುಗಿಸಿ ನಾನು ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಗೋಡೆಯ ಬದಿಯಿಂದ ಶರಬತ್ತಿನ ಕ್ಯಾನೊಂದನ್ನು ಎತ್ತಿ ಯಂತ್ರದ ಬಾಯಿಗೆ ಹಿಡಿದೆ. ಅಕ್ಕ ಓಡಿಬಂದು ನನ್ನ ತೋಳು ಹಿಡಿದಳು.

"ತಡೀರಿ ಬಿ.ಎಸ್ಸಿ. ಸಾಹೇಬ್ರೇ. ಬೆಳಿಗ್ಗೆಯಿಂದ ಒಂದು ಇರುವೇನೂ ಹತ್ತಿಲ್ಲ. ಶರಬತ್ತು ಬಿಟ್ಟು ಹೋಗಾಕೆ ಅವೇನು ಶುಗರ್ ಪೇಷಂಟಾ?"

ಕೈಗವಸು ಹಾಕಿಕೊಂಡು, ಕ್ಯಾನನ್ನು ದೂರ ಒಯ್ದು ಬಗ್ಗಿಸಿದಳು. ತಳದಲ್ಲಿದ್ದದ್ದು ಸಿಮೆಂಟಿನ ಮೇಲೆ ಬಿದ್ದು ಚೊಯ್ ಎಂದು ನೊರೆಯೆದ್ದಿತು. ಯಾರೋ ಅದರಲ್ಲಿ ಆಸಿಡ್ ತುಂಬಿಟ್ಟಿದ್ದರು. ಹಾಗೇ ಹಾಕಿದ್ದರೆ ಯಂತ್ರ ಅದನ್ನು ನನ್ನ ಮುಖಕ್ಕೇ ಎರಚುತ್ತಿತ್ತು. ಈಗಲೂ ಮನೆಯಲ್ಲಿ ಒಗ್ಗರಣೆ ಚೊಯ್ ಎಂದರೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಯಂತ್ರ ನಿಲ್ಲಿಸಿ ಕೂತಿದ್ದ ನನ್ನ ಅಂಗೈಗೆ ಅವಳು ಬೆಲ್ಲದ ಚೂರೊಂದನ್ನು ಇಟ್ಟಳು. ನಾನು ಬಾಯಿಗೆ ಹಾಕಿಕೊಳ್ಳಲು ಹೋದೆ.

"ನಿಮಗಲ್ಲ ರೀ," ಎಂದು ನಕ್ಕು ಗೋಡೆಯತ್ತ ಕೈ ತೋರಿಸಿದಳು. "ಅವಕ್ಕೆ ಹಾಕಿ ಬರ್ರಿ."