ಹೌದಪ್ಪ ಕೊಟ್ಟ ದೂರು

ಆ ಓಣಿಯ ಕ್ಷೌರದಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಹೌದಪ್ಪ. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಅವನ ಉತ್ತರ "ಹೌದಪ್ಪಾ". ಮಾವ ಸರಿಯಿಲ್ಲ ಅಂದ ಅಳಿಯನಿಗೂ ಹೌದಪ್ಪಾ, ಅಳಿಯ ಸರಿಯಿಲ್ಲ ಅಂದ ಮಾವನಿಗೂ ಹೌದಪ್ಪಾ. ಒಂದು ಸಲ ಆ ಇಬ್ಬರೂ ಒಟ್ಟಿಗೇ ಬಂದು ಕೂತುಬಿಟ್ಟಾಗ, ಪಾಪ, ಇಲ್ಲದ ಕೆಮ್ಮು ಬರಿಸಿಕೊಂಡೇ ಎರಡು ತಲೆ ಮುಗಿಸಿ ಕಳಿಸಿದ್ದ.

ಜಗಳ ಅಂದರೆ ಅವನ ಕೈಕಾಲು ತಣ್ಣಗಾಗುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಹೆಂಡತಿ ಇದಕ್ಕೆ ಪೂರ್ತಿ ಉಲ್ಟಾ. ಅಳತೆ ತಪ್ಪು ಅಂದ ಗಿರಾಕಿಗೆ "ಬಟ್ಟೆ ಸರಿಯಾಗಿದೆ, ನೀವೇ ದಪ್ಪ ಆಗಿದ್ದೀರಿ" ಅಂತ ಮುಖದ ಮೇಲೇ ಹೇಳುವವಳು.

ಹೀಗಿರುವಾಗ ಅಂಗಡಿಯ ಮೇಲಿನ ಮನೆಗೆ ಹೊಸಬನೊಬ್ಬ ಬಾಡಿಗೆಗೆ ಬಂದ. ಅವನ ಸಾಮಾನಿನಲ್ಲಿ ಮಂಚಕ್ಕಿಂತ ದೊಡ್ಡದಾಗಿದ್ದದ್ದು ಸ್ಪೀಕರ್. ಅವನು ಹಾಡು ಹಾಕಿದರೆ ಕೆಳಗೆ ಅಂಗಡಿಯ ಕನ್ನಡಿ ಗಡಗಡ ನಡುಗುತ್ತಿತ್ತು. ಗಡ್ಡ ಹೆರೆಯುವಾಗ ಕೈ ತಾಳಕ್ಕೆ ಸರಿಯಾಗಿ ಓಡದಂತೆ ಹೌದಪ್ಪ ಬಿಗಿಹಿಡಿಯಬೇಕಾಗುತ್ತಿತ್ತು. ಓಣಿಯವರು ಆ ಹೊಸಬನಿಗೆ ಗುಡುಗಣ್ಣ ಅಂತ ನಾಮಕರಣ ಮಾಡಿದರು. ಸಂಜೆಯಾದರೆ ಅವನ ಗೆಳೆಯರ ದಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಿತ್ತು. ಕುಡಿದ ಬಾಟಲಿ ಮೂಲೆಗೆ, ಉಗುಳು ಗೋಡೆಗೆ, ಕೆಟ್ಟ ಮಾತು ಹೋಗಿಬರುವ ಹೆಣ್ಣುಮಕ್ಕಳಿಗೆ.

ಇಡೀ ಓಣಿಯ ಗೋಳು ಬಂದು ಬೀಳುತ್ತಿದ್ದದ್ದು ಹೌದಪ್ಪನ ಕುರ್ಚಿಗೆ. ರಿಟೈರಾದ ಮೇಷ್ಟ್ರು ಸೋಪಿನ ನೊರೆಯೊಳಗಿಂದಲೇ ಗುಡುಗುತ್ತಿದ್ದರು: "ಇವರನ್ನೆಲ್ಲ ಒದ್ದು ಒಳಗೆ ಹಾಕಬೇಕು ಕಣಯ್ಯ!"

"ಹೌದಪ್ಪಾ" ಅನ್ನುತ್ತಿದ್ದ ಇವನು.

ವ್ಯಾನ್ ಡ್ರೈವರ್, "ನಾನು ಒಂದು ಮಾತು ಆಡಿದರೆ ಸಾಕು, ಬಾಲ ಮುದುರಿಕೊಂಡು ಓಡ್ತಾರೆ" ಅನ್ನುತ್ತಿದ್ದ. ಅದಕ್ಕೂ ಹೌದಪ್ಪಾ. ಆದರೆ ಆ ಒಂದು ಮಾತನ್ನು ಅವನು ಯಾವತ್ತೂ ಆಡಿದ್ದಿಲ್ಲ.

"ರೀ, ಎಲ್ಲರೂ ನಿಮ್ಮ ಕಿವಿಗೇ ಹೇಳಿ ಹೋದರೆ ಮೇಲಿನವನಿಗೆ ಹೇಗೆ ಗೊತ್ತಾಗುತ್ತೆ?" ಅಂದಳು ಹೆಂಡತಿ. ಹೌದಪ್ಪ ಮಹಡಿ ಹತ್ತಿದ. "ಸ್ವಲ್ಪ ಸೌಂಡ್ ಕಡಿಮೆ ಮಾಡ್ತೀರಾ?" ಅಂತ ಮೆಲ್ಲಗೆ ಕೇಳಿದ. "ಆಯ್ತು" ಅಂದ ಗುಡುಗಣ್ಣ. ಅದಾದ ಮೇಲೆ ಸೌಂಡ್ ಇನ್ನೂ ಒಂದು ಸುತ್ತು ಮೇಲೇರಿತು. ಮತ್ತೊಂದು ದಿನ ಹೋಗಿ ಬಾಗಿಲು ತಟ್ಟಿದಾಗ "ನಿನ್ನ ಕತ್ತರಿ ಕೆಲಸ ನೋಡ್ಕೊ ಹೋಗು" ಅಂತ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದ.

ಅದನ್ನೂ ನುಂಗಿಕೊಂಡು ಇರುತ್ತಿದ್ದನೋ ಏನೋ. ಆದರೆ ಒಂದು ಸಂಜೆ, ಮೇಲುಗಡೆಯ ಇನ್ನೊಂದು ಮನೆಯಲ್ಲಿ ಒಬ್ಬರೇ ಇದ್ದ ಅಜ್ಜಿ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ದಾರಿ ಬಿಡಲಿ ಅಂತ ಕಾಯುತ್ತಿದ್ದರು. ಕೂತವರು ಕಂಡೂ ಕಾಣದವರ ಹಾಗಿದ್ದರು. ಅವರಲ್ಲೊಬ್ಬ ಎದ್ದು ಅಜ್ಜಿಯ ಹಾಗೆ ಸೊಂಟ ಬಗ್ಗಿಸಿ, ಇಲ್ಲದ ಕೋಲು ಊರಿ ನಡೆದು ತೋರಿಸಿದ. ಉಳಿದವರು ಕೇಕೆ ಹಾಕಿ ನಕ್ಕರು. ಅಜ್ಜಿ ತಲೆ ತಗ್ಗಿಸಿದರು.

ಕಿಟಕಿಯಿಂದ ಇದನ್ನು ನೋಡಿದ ಹೌದಪ್ಪನಿಗೆ ಏನಾಯಿತೋ, ದಡದಡ ಹೊರಗೆ ಬಂದ. ಬಂದ ಮೇಲೆ ಕೈಯಲ್ಲಿ ಕ್ಷೌರದ ಕತ್ತಿ ಇರುವುದು ಕಂಡು ಗಾಬರಿಬಿದ್ದು ಒಳಗೋಡಿದ, ಕತ್ತಿ ಇಟ್ಟು ಮತ್ತೆ ಹೊರಗೆ ಬಂದ. ಅಷ್ಟು ಹೊತ್ತಿಗೆ ಕೋಪದ ಅರ್ಧ ಆವಿಯಾಗಿತ್ತು. ಉಳಿದ ಅರ್ಧದಲ್ಲೇ "ಜಾಗ ಬಿಡ್ರಪ್ಪ" ಅಂದ. ಅವರು ಮತ್ತೆ ನಕ್ಕರು, ಆದರೆ ಸರಿದರು. ಅಜ್ಜಿಯ ಕೈ ಹಿಡಿದು ಮೇಲೆ ಬಿಟ್ಟು ಬಂದ ಹೌದಪ್ಪ, ನೇರ ಹೆಂಡತಿಯ ಹತ್ತಿರ ಹೋಗಿ "ಪೊಲೀಸರ ನಂಬರ್ ಎಷ್ಟೇ?" ಅಂದ.

ಅವಳು ಮೆಷಿನ್ ತುಳಿಯುವುದನ್ನೇ ನಿಲ್ಲಿಸಿ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಫೋನಿನಲ್ಲಿ ಅವನು ಮೊದಲು ತೊದಲಿದ. ಆಮೇಲೆ ಶುರುವಾದ ಮಾತು ನಿಲ್ಲಲೇ ಇಲ್ಲ. ಸ್ಪೀಕರ್, ಬಾಟಲಿ, ಉಗುಳು, ಅಜ್ಜಿ, ಎಲ್ಲ ಹೇಳಿದ. ಆ ಕಡೆಯವರೇ "ಉಸಿರು ತಗೊಳ್ಳಿ ಯಜಮಾನ್ರೇ" ಅನ್ನಬೇಕಾಯಿತು.

ಮಾರನೇ ದಿನ ಎಸ್‌ಐ ಮೇಡಂ ಅಂಗಡಿಗೇ ಬಂದರು. ಕುರ್ಚಿಯಲ್ಲಿ ಮೇಷ್ಟ್ರು, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. ಬೆಂಚಿನ ಮೇಲೆ ಡ್ರೈವರ್.

"ಇವರೊಬ್ಬರೇ ಹೇಳ್ತಿದ್ದಾರೆ. ನಿಮಗೂ ತೊಂದರೆ ಆಗಿದೆಯಾ?" ಅಂತ ಮೇಡಂ ಕೇಳಿದರು.

ಮೇಷ್ಟ್ರು ಸೂರು ನೋಡತೊಡಗಿದರು. ಡ್ರೈವರ್ ಪೇಪರಿನ ಹಿಂದೆ ಪೂರ್ತಿ ಮರೆಯಾಗಿಬಿಟ್ಟ, ಪೇಪರ್ ತಲೆಕೆಳಗಾಗಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ. ಹೌದಪ್ಪ ಕೈ ತಡೆದು ನಿಂತ.

"ಮೇಷ್ಟ್ರೇ, ಮೊನ್ನೆ ಇದೇ ಕುರ್ಚಿಯಲ್ಲಿ ಏನಂದ್ರಿ?"

"ನಾನಾ? ನಾನೇನು ಅಂದೆ?"

"ಹಾಗಾದರೆ ಜ್ಞಾಪಿಸಿಕೊಳ್ಳಿ. ನನಗೇನೂ ಅವಸರ ಇಲ್ಲ. ಜ್ಞಾಪಕ ಬಂದ ಮೇಲೆ ಈ ಕೆನ್ನೆಗೆ ಬರ್ತೀನಿ."

ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಅರ್ಧ ಮುಖ ನೋಡಿಕೊಂಡರು. ಮೇಡಂ ನಗು ತಡೆಯಲಾರದೆ ಕ್ಯಾಪ್ ಸರಿಮಾಡಿಕೊಂಡರು. ಒಳಗಿನ ಕೋಣೆಯಿಂದ ಹೆಂಡತಿಯ ನಗು ಮಾತ್ರ ತಡೆಯಿಲ್ಲದೆ ಕೇಳಿಸಿತು. ಕಡೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಪಾಠ ಹೇಳುವ ದನಿಯಲ್ಲೇ ಮೊದಲಿಂದ ಎಲ್ಲ ಹೇಳಿದರು. ಅವರು ಬಾಯಿ ಬಿಟ್ಟಿದ್ದೇ ತಡ, ಡ್ರೈವರ್ ಪೇಪರ್ ಮಡಿಸಿಟ್ಟ: "ನನ್ನ ಮಗಳು ಆ ಮೆಟ್ಟಿಲು ತಪ್ಪಿಸೋಕೆ ಸುತ್ತು ಹಾಕಿಕೊಂಡು ಕಾಲೇಜಿಗೆ ಹೋಗ್ತಾಳೆ, ಮೇಡಂ." ಇಷ್ಟು ಹೇಳಿ ಅವನು ಕಣ್ಣು ಆ ಕಡೆ ತಿರುಗಿಸಿಕೊಂಡ.

"ಇನ್ನು ಮುಂದೆ ಜಗಳಕ್ಕೆ ನಿಲ್ಲಬೇಡಿ, ಸಹಿಸಿಕೊಂಡೂ ಕೂರಬೇಡಿ. ನಮಗೆ ಫೋನ್ ಮಾಡಿ" ಅಂತ ಹೇಳಿ ಮೇಡಂ ಮಹಡಿ ಹತ್ತಿದರು. ಮೇಲೆ ಏನು ಮಾತಾಯಿತೋ ಕೆಳಗಿನವರಿಗೆ ಕೇಳಿಸಲಿಲ್ಲ. ಹಾಡು ನಿಂತದ್ದು ಮಾತ್ರ ಕೇಳಿಸಿತು. ದಂಡು ಎರಡು ಸಂಜೆ ಬಂದು ನೋಡಿತು. ಬೀಟಿನ ಪೊಲೀಸರು ಎರಡೂ ಸಲ ಮಾತಾಡಿಸಿದ ಮೇಲೆ ಆ ಕಡೆ ತಲೆ ಹಾಕಲಿಲ್ಲ. ಗುಡುಗಣ್ಣನೇ ಪೊರಕೆ ಹಿಡಿದು ಮೆಟ್ಟಿಲ ಬಾಟಲಿಗಳನ್ನು ಎತ್ತಿಹಾಕುವುದನ್ನು ಓಣಿಯೆಲ್ಲ ಕಿಟಕಿಯಲ್ಲಿ ನಿಂತು ನೋಡಿತು.

ಕೆಲವು ವಾರ ಅವನು ಅಂಗಡಿಯ ಮುಂದೆ ಮುಖ ಗಂಟಿಕ್ಕಿಕೊಂಡೇ ಹಾದುಹೋದ. ಒಂದು ಬೆಳಿಗ್ಗೆ ಅವನು ಒಳಗೇ ಬಂದುಬಿಟ್ಟ.

"ತಂಗಿಗೆ ಹುಡುಗನ ಕಡೆಯವರು ಬರ್ತಿದ್ದಾರೆ. ಸ್ವಲ್ಪ ನೀಟಾಗಿ ಮಾಡಿ."

ಹೌದಪ್ಪ ಬಟ್ಟೆ ಹೊದಿಸಿ ಕತ್ತರಿ ಎತ್ತಿಕೊಂಡ.

"ಅವತ್ತು ಫೋನ್ ಮಾಡಿದ್ದು ನೀವೇನಾ?"

ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಗಪ್ಪನೆ ನಿಂತಿತು.

"ನಾನೇ" ಅಂದ ಹೌದಪ್ಪ.

"ನನಗೇ ನೇರವಾಗಿ ಹೇಳಬಹುದಿತ್ತಲ್ಲ?"

"ಮನೆ ಬಾಗಿಲಿಗೇ ಬಂದು ಹೇಳಿದ್ದೆನಲ್ಲ, ತಮ್ಮಾ. ನೀನೇ ಬಾಗಿಲು ಹಾಕ್ಕೊಂಡೆ."

ಗುಡುಗಣ್ಣ ಕನ್ನಡಿಯಲ್ಲಿ ಅವನನ್ನೇ ನೋಡಿದ. ಆಮೇಲೆ ಕಿವಿಯ ಹತ್ತಿರದ ಕೂದಲು ತೋರಿಸಿ, "ಇಲ್ಲಿ ಇನ್ನೂ ಸ್ವಲ್ಪ ತೆಗೀರಿ ಅಣ್ಣಾ" ಅಂದ.