ಆರನೇ ಬೆರಳು

ಪೇಂಟರ್ ಮಾವನ ಬಲಗೈ ಕಿರುಬೆರಳು ನೆಟ್ಟಗಿರಲಿಲ್ಲ. ಮೂವತ್ತು ವರ್ಷ ಅದನ್ನು ಗೋಡೆಗೆ ಊರಿ, ಅದರ ಆಸರೆಯಲ್ಲೇ ಬ್ರಷ್ ಎಳೆದು ಎಳೆದು, ಬೆರಳು ಹೊರಕ್ಕೆ ಬಾಗಿಹೋಗಿತ್ತು. ಉಗುರಿನ ಬುಡದಲ್ಲಿ ಒಂದು ನೀಲಿ ಗೆರೆ, ಯಾವ ಸೀಮೆಎಣ್ಣೆಗೂ ಬಗ್ಗದ್ದು. ಗೋಡೆಗಳೆಲ್ಲ ಫ್ಲೆಕ್ಸ್‌ಗೆ ಸೋತ ಮೇಲೆ ಆ ಬೆರಳು ನನ್ನ ಕಂಪ್ಯೂಟರಿನ ಪರದೆಗೆ ಬಂದು ಊರಿಕೊಂಡಿತು. ದಿನಾ ಬೆಳಿಗ್ಗೆ ನಾನು ಪರದೆ ಒರೆಸುತ್ತಿದ್ದೆ. ಹತ್ತು ಗಂಟೆಯೊಳಗೆ ಬಲಮೂಲೆಯಲ್ಲಿ ಮತ್ತೆ ಅದೇ ಜಿಡ್ಡಿನ ಚುಕ್ಕೆ.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಫ್ಲೆಕ್ಸ್ ಅಂಗಡಿ. ನಾನು ಅಲ್ಲಿ ಡಿಸೈನರ್. ನೆಂಟರೇನಲ್ಲ, ಆದರೆ ನಮ್ಮ ದಂಡಿಗನಹಳ್ಳಿಯವರೆಲ್ಲ ಅವರನ್ನು ಪೇಂಟರ್ ಮಾವ ಅನ್ನುತ್ತಿದ್ದರು, ನಾನೂ ಅಂದೆ. ಅವರು ನನ್ನನ್ನು ಕಪಿ ಅನ್ನುತ್ತಿದ್ದರು. ಅನ್ಯಾಯವೇನಲ್ಲ. ನನಗೆ ಬರುವುದು ಎರಡೇ ವಿದ್ಯೆ, ಡಿಸೈನು ಮತ್ತು ಅಣಕ. ಹಾಸನ ಬಸ್ಸಿನ ಕಂಡಕ್ಟರು ಕೂಗುವುದರಿಂದ ಹಿಡಿದು ನಮ್ಮವ್ವ ಫೋನಿನಲ್ಲಿ ಸುಳ್ಳು ಕೆಮ್ಮುವುದರವರೆಗೆ ಯಾರನ್ನು ಬೇಕಾದರೂ ಮಾಡಿ ತೋರಿಸುತ್ತೇನೆ. ನನ್ನನ್ನು ನಾನೇ ಅಣಕಿಸಿಕೊಳ್ಳುವುದೂ ಉಂಟು, ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ. ಅಸಲಿಯೇ ಎದುರಿಗಿರುವಾಗ ನಕಲಿಗೆ ಯಾರು ನಗುತ್ತಾರೆ?

ಮಾವ ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಪ್ರಿಂಟರಿನ ಹತ್ತಿರ ಹೋಗುವುದು, ಬಾಗಿಲಿಗೆ ಬಂದು ಬೀದಿ ನೋಡುವುದು, ತಿರುಗಿ ನನ್ನ ಬೆನ್ನ ಹಿಂದೆ ನಿಲ್ಲುವುದು. ಕೈಯಲ್ಲಿ ಬ್ರಷ್ ಇಲ್ಲದ ಮನುಷ್ಯನಿಗೆ ಕಾಲೇ ಕೆಲಸ.

ಬರೆದು ಕೊಟ್ಟರೆ ಚಿತ್ರ ಮಾಡಿಕೊಡುವ ಎಐ ಅಂಗಡಿಗೆ ಬಂದದ್ದು ನನ್ನ ಮೂಲಕ. ಬರೆಯುವ ಜಾಗದ ಕೆಳಗೆ ಕ್ವಾಲಿಟಿಗೆ ಮೂರು ಗುಂಡಿ: ಲೋ, ಮೀಡಿಯಂ, ಹೈ. ಹಿರೀಸಾವೆಯ ಹೋಟೆಲೊಂದಕ್ಕೆ ಮುದ್ದೆ ಊಟದ ಚಿಕ್ಕ ಬೋರ್ಡು ಬೇಕಿತ್ತು. ನಾನು ನೇರ ಹೈ ಒತ್ತಿ ಕೂತೆ. ಪರದೆಯಲ್ಲಿ ಚಕ್ರ ತಿರುಗಿತು, ತಿರುಗಿತು, ಮೇಜಿನಡಿ ನನ್ನ ಕಾಲೂ ಅದರ ಜೊತೆ ಕುಣಿಯಿತು. ಕೊನೆಗೆ ಬಂದದ್ದು ಬಟ್ಟಲಲ್ಲಿ ಮಿರಮಿರ ಮಿಂಚುವ ಚಾಕಲೇಟ್ ಉಂಡೆ, ಪಕ್ಕದಲ್ಲಿ ಒಂದು ಚಮಚ.

“ಏನ್ಲಾ ಇದು?”

“ಮುದ್ದೆ, ಮಾವ. ಹೈ ಕ್ವಾಲಿಟಿ.”

“ಮುದ್ದೆಗೆ ಚಮ್ಚ ಮಡಗವ್ನೆ! ತಪ್ಪಿಗೆ ಪಾಲಿಶ್ ಒಡುದ್ರೆ ತಪ್ಪು ಓಗ್ಬುಡ್ತದಾ? ಮೊದ್ಲು ಇದ್ಲಲ್ಲಿ ಗೀಚು. ಗೆರೆ ಕುಂತ ಮ್ಯಾಲೆ ಬಣ್ಣ.”

ಗೋಡೆಗೆ ಮೊದಲು ಇದ್ದಿಲಲ್ಲಿ ಗೀಚಿ, ದೂರ ನಿಂತು ನೋಡಿ, ಅಳಿಸಿ, ಮತ್ತೆ ಗೀಚಿ, ಆಮೇಲೆ ಬಣ್ಣಕ್ಕೆ ಕೈಹಾಕಿದವರು ಅವರು. ಮೂರು ಗುಂಡಿ ನೋಡಿದ ಕೂಡಲೇ, ಲೋ ಅಂದರೆ ಇದ್ದಿಲು ಎಂದು ಅವರಿಗೆ ಹೊಳೆದುಬಿಟ್ಟಿತು. ಅವತ್ತಿನಿಂದ ಅಂಗಡಿಯಲ್ಲಿ ಅದೇ ಕಾನೂನು. ಒಂದು ಹೈ ಬರುವ ಹೊತ್ತಿಗೆ ಲೋದಲ್ಲಿ ಏಳೆಂಟು ಚಿತ್ರ ಬಂದುಬಿಡುತ್ತಿದ್ದವು. ಒರಟು, ಆದರೆ ತಟ್ಟೆ ಎಲ್ಲಿ, ಕೈ ಎಲ್ಲಿ, ಬೆಳಕು ಯಾವ ಕಡೆಯಿಂದ ಅನ್ನುವುದು ತಿಳಿಯುತ್ತಿತ್ತು. ಮುದ್ದೆಯ ಮೇಲೆ ಒದ್ದೆ ಅಂಗೈಯ ಅಚ್ಚು ಕಾಣಬೇಕು ಎಂದು ಬರೆಸಿದವರೂ ಅವರೇ.

ಎಲ್ಲ ಸರಿಹೋದ ಮೇಲೆ ಕೊನೆಯ ಪೂಜೆ ಒಂದಿತ್ತು. ಈ ಎಐಗೆ ಬೆರಳುಗಳ ಲೆಕ್ಕ ತಪ್ಪುವುದು ರೂಢಿ. ಮಾವ ಆ ಡೊಂಕು ಕಿರುಬೆರಳನ್ನು ಪರದೆಗೆ ಊರಿ, ತೋರುಬೆರಳಿಂದ ಎಣಿಸುತ್ತಿದ್ದರು. “ಒಂದು, ಎಲ್ಡು, ಮೂರು, ನಾಕು, ಐದು. ಊಂ. ಈಗ ಏರ್ಸು.” ಆಗ ಮಾತ್ರ ಹೈ. ಅರಕಲಗೂಡಿನ ಮದುವೆ ಬೋರ್ಡೊಂದರಲ್ಲಿ ಮದುಮಗಳಿಗೆ ನಾಲ್ಕೇ ಬೆರಳು ಬಂದದ್ದನ್ನು ಹಿಡಿದು, “ಗಂಡಿನ್ ಮನೇರು ಒಪ್ಪಾಕಿಲ್ಲ ಕಣ್ಲಾ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇಂಥವರು ಒಂದು ಯುಗಾದಿ ಕಳೆದ ಮೇಲೆ ಬೇರೆ ರಾಗ ಶುರು ಮಾಡಿದರು. ಇನ್ನೂ ಇದ್ದಿಲಿನ ಹಂತದಲ್ಲೇ, ಪರದೆಗೆ ಮೂಗು ತಾಗಿಸಿ, “ಇನ್ನೊಂಚೂರು ಏರ್ಸ್ಲಾ, ಮಬ್ಬೈತೆ.” ಮೀಡಿಯಂ ಮಾಡುತ್ತಿದ್ದೆ. “ಮಬ್ಬೈತೆ.” ಹೈ ಮಾಡುತ್ತಿದ್ದೆ, ಚಕ್ರ ತಿರುಗುತ್ತಿತ್ತು, ಕಾಲು ಕುಣಿಯುತ್ತಿತ್ತು. “ಇನ್ನೂ ಏರ್ಸು.” ಹೈ ಆದ ಮೇಲೆ ಏರಿಸಲು ಮೆಟ್ಟಿಲೆಲ್ಲಿದೆ? ದಿನಕ್ಕೆ ಇಷ್ಟೇ ಹೈ ಎಂದು ಆ ಎಐಗೆ ಒಂದು ಮಿತಿ ಬೇರೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಅದು ಮುಗಿದುಹೋಗುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ.

ತಾವೇ ಮಾಡಿದ ಕಾನೂನನ್ನು ತಾವೇ ಮುರಿಯುತ್ತಿದ್ದಾರಲ್ಲ, ಏಕೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಎದುರುಗಡೆ ಟೀ ಅಂಗಡಿಗೆ ಹೋಗಿ, ಕಿರುಬೆರಳು ಡೊಂಕು ಮಾಡಿ, ಬಿಸ್ಕತ್ತಿನ ಗಾಜಿನ ಡಬ್ಬಕ್ಕೆ ಮೂಗು ತಾಗಿಸಿದೆ. “ಇನ್ನೊಂಚೂರು ಏರ್ಸ್ಲಾ, ಮಬ್ಬೈತೆ!”

ಟೀಯವನು ನಕ್ಕು ಹಾಲು ಚೆಲ್ಲಿದ. ವಾರದೊಳಗೆ ಅದು ಬೀದಿಯ ಮಾತಾಯಿತು. “ಬೋಂಡಾ ಕ್ವಾಲಿಟಿ ಇನ್ನೊಂಚೂರು ಏರ್ಸ್ಲಾ” ಅನ್ನುವವರು, ಸಾಂಬಾರು ಮಬ್ಬೈತೆ ಅನ್ನುವವರು. ನನಗೆ ಖುಷಿಯೋ ಖುಷಿ. ಒಂದು ದಿನ ಹಾಗೆಯೇ ಮಾಡುತ್ತಿದ್ದಾಗ ನಗು ಅರ್ಧಕ್ಕೆ ನಿಂತುಹೋಯಿತು. ತಿರುಗಿದೆ. ಮಾವ ಫ್ಲಾಸ್ಕು ಹಿಡಿದು ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. “ಎಲ್ಡು ಟೀ ಆಕಪ್ಪ” ಎಂದು ಟೀಯವನಿಗೆ ಹೇಳಿ, ಹಾಕಿಸಿಕೊಂಡು ಹೋದರು. ಎರಡು ಟೀಯಲ್ಲಿ ಒಂದು ನನಗೇ.

ಮಾರನೆಯ ದಿನದಿಂದ ಮಬ್ಬು ಅನ್ನುವ ಮಾತೇ ಅವರ ಬಾಯಲ್ಲಿ ಬರಲಿಲ್ಲ. ಬಂದು ನಿಲ್ಲುವರು, ಬೆರಳು ಊರುವರು, ಸರಸರ ಐದು ಎಣಿಸುವರು, “ಊಂ, ಏರ್ಸು.” ಕೆಲಸ ಓಡತೊಡಗಿತು. ನೋಡು, ಬುದ್ಧಿ ಹೇಳಿದರೆ ಆಗದ್ದು ಅಣಕಿಸಿದರೆ ಆಗುತ್ತದೆ ಎಂದು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮೂರು ತಿಂಗಳಾದ ಮೇಲೆ ಹಿರೀಸಾವೆಯ ಅದೇ ಹೋಟೆಲಿನವರು ಹೆದ್ದಾರಿಗೆ ಮುಖ ಮಾಡಿ ದೊಡ್ಡ ಬೋರ್ಡು ಹಾಕಿಸಿದರು. ಮುದ್ದೆ ಮುರಿದು ಸಾರಿಗೆ ಅದ್ದುವ ಒಂದು ಕೈ. ಮಾವ ಎಣಿಸಿದರು, ನಾನು ಏರಿಸಿದೆ, ಬೋರ್ಡು ನಿಂತಿತು. ಎರಡೇ ದಿನಕ್ಕೆ ಹೋಟೆಲಿನ ಯಜಮಾನರ ಫೋನು.

“ಲೇ, ನಮ್ ಓಟ್ಲಲ್ಲಿ ಉಂಡೋರಿಗೆ ಬೆರಳು ಜಾಸ್ತಿ ಬೆಳೀತವೇನ್ಲಾ? ಬಸ್ಸಿಂದ ಇಳ್ದಿಳ್ದು ಫೋಟೋ ಒಡ್ಕತಾವ್ರೆ ಜನ!”

ಚಿತ್ರ ತೆಗೆದು ನೋಡಿದೆ. ಆರು ಬೆರಳು. ಆರಕ್ಕೆ ಆರೂ ಸುಂದರ. ಉಗುರು, ಗೆಣ್ಣು, ನೆರಿಗೆ, ಎಲ್ಲ ಹೈ. ನಾನು ಎಣಿಸಿಯೇ ಇರಲಿಲ್ಲ. ಎಣಿಸುವುದು ಮಾವನ ಕೆಲಸ, ಎಣಿಸುವವರನ್ನು ಅಣಕಿಸುವುದು ನನ್ನದು.

“ಮಾವ, ಇಲ್ಲಿ ಬನ್ನಿ. ಬೆರಳು ಎಷ್ಟವೆ?”

ಊರಿದರು, ನೋಡಿದರು. “ಐದು.”

ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿದೆ. “ಈಗ?”

“ಐದು ಕಣ್ಲಾ.”

“ಮಾವ, ನಿಮ್ಗೆ ಕಾಣ್ತಾ ಐತಾ?”

ಬಾಗಿಲಿಗೆ ಹೋಗಿ ಬೀದಿ ನೋಡಿದರು. ತಿರುಗಿ ಬಂದರು. ಮತ್ತೆ ಬಾಗಿಲಿಗೆ ಹೋದರು. ಅಲ್ಲಿಂದಲೇ ಹೇಳಿದರು. “ಕೈಗೆ ಐದು ಇರ್ಬೇಕಲ್ಲ, ಅದ್ಕೇ ಐದು ಅಂದೆ.”

ಮರುದಿನವೇ ಹಾಸನದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗಕ್ಕೆ ಇಳಿದಿತ್ತು. ಬಲಗಣ್ಣನ್ನು ಸೂಜಿಮದ್ದು ಕೊಟ್ಟು ಹಿಡಿದಿಡಬಹುದು, ಎಡಗಣ್ಣು ಇನ್ನು ಬರುವುದಿಲ್ಲ ಎಂದರು ಡಾಕ್ಟರು. “ಎರಡು ಮೂರು ತಿಂಗಳು ಮುಂಚೆ ಬಂದಿದ್ದರೆ ಅದನ್ನೂ ನೋಡಬಹುದಿತ್ತು. ಮಬ್ಬು ಅಂತ ಇವರು ಯಾರಿಗೂ ಹೇಳಲಿಲ್ಲವೇ?”

ಹೇಳಿದ್ದರು. ಇಡೀ ಬೀದಿಗೆ ಗೊತ್ತಿತ್ತು. ನಾನೇ ಗೊತ್ತುಮಾಡಿದ್ದೆ.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಅವರನ್ನು ಕೂರಿಸಿದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಮಬ್ಬು ಅನ್ನೋದ ಯಾಕ್ ನಿಲ್ಲಿಸ್ಬುಟ್ರಿ ಮಾವ?”

“ಮಿಷಿನ್ದು ತಪ್ಪಲ್ಲ, ನಂದೇ ಅಂತ ಗೊತ್ತಾಯ್ತು ಕಣ್ಲಾ, ನೀನು ಮಾಡಿದ್ದಕ್ಕೆ ಎಲ್ರೂ ನಗೋದ ನೋಡಿದ್ ಮ್ಯಾಲೆ. ಕಣ್ ಕಾಣ್ದ ಪೇಂಟರು ಅಂತ ಗೊತ್ತಾದ್ರೆ ಅದ್ನೂ ಮಾಡಿ ತೋರ್ಸೀಯ ಅಂದ್ಕಂಡೆ.”

ಬಸ್ಸು ಎರಡು ಸ್ಟಾಪು ದಾಟಿದ ಮೇಲೆ ಅವರೇ ಅಂದರು. “ದನಿ ಚೆನ್ನಾಗ್ ಹಿಡ್ದಿದ್ದೆ. ಬೆರಳು ತಪ್ಪು. ನಂದು ಆಚೀಕೆ ಬಾಗೈತೆ, ನೀನು ಒಳೀಕೆ ಬಗ್ಗಿಸಿದ್ದೆ.”

ಅಷ್ಟು ಮಬ್ಬಿನಲ್ಲೂ ಅದೊಂದು ಅವರಿಗೆ ಕಂಡಿತ್ತು.

ಆಮೇಲೆ ಒಂದು ವರ್ಷ ಮಾವ ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಾಲು ಮಾತ್ರ ಕೂರಲಿಲ್ಲ, ನೆಲ ಕುಟ್ಟುತ್ತಲೇ ಇತ್ತು. ನಾನು ಲೋ ಚಿತ್ರಗಳನ್ನು ಒಂದೊಂದಾಗಿ ಬಾಯಲ್ಲಿ ಓದಿ ಹೇಳುತ್ತಿದ್ದೆ: ತಟ್ಟೆ ಎಡಕ್ಕೆ, ನೆರಳು ಹಿಂದಕ್ಕೆ, ಹೆಂಗಸಿನ ಕಣ್ಣು ಎತ್ತಲೋ ನೋಡುತ್ತಿದೆ. ಅವರು ಕೂತಲ್ಲೇ ಅಳಿಸಿಸುತ್ತಿದ್ದರು, ಬರೆಸುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ.

ಹೋದ ಶ್ರಾವಣದಲ್ಲಿ ತೀರಿಕೊಂಡರು. ಎದೆನೋವು ಅಂದರು, ಹಾಸನ ಮುಟ್ಟುವಷ್ಟರಲ್ಲಿ ಆಗಿಹೋಗಿತ್ತು. ಶ್ರದ್ಧಾಂಜಲಿಯ ಬೋರ್ಡು ನಾನೇ ಮಾಡಿದೆ. ಏಣಿಯ ಮೇಲೆ ನಿಂತು ಬ್ರಷ್ ಹಿಡಿದಿದ್ದ ಹಳೆಯ ಫೋಟೋ, ಮಸುಕಾಗಿತ್ತು. “ಎಐಗೆ ಆಕಿ ಒಸಿ ಏರ್ಸು” ಎಂದ ಟೀಯವನು. ಏರಿಸಲಿಲ್ಲ. ಕಿರುಬೆರಳನ್ನು ಅದು ನೆಟ್ಟಗೆ ಮಾಡಿಬಿಟ್ಟರೆ?

ಅಂಗಡಿಯನ್ನು ಈಗ ಅವರ ಮಗಳು ನಡೆಸುತ್ತಾಳೆ. ನಾನು ಅದೇ ಕಂಪ್ಯೂಟರಿನ ಮುಂದೆ. ಹೈ ಒತ್ತುವ ಮುಂಚೆ ಕಿರುಬೆರಳನ್ನು ಹೊರಕ್ಕೆ ಬಾಗಿಸಿ ಪರದೆಗೆ ಊರುತ್ತೇನೆ. ಮಾವನ ದನಿ ನನ್ನ ಗಂಟಲಿನಿಂದಲೇ ಏಳುತ್ತದೆ.

“ಎಣಿಸ್ದೇನ್ಲಾ ಕಪಿ?”

“ಎಣಿಸ್ದೆ ಮಾವ. ಐದು.”

“ನೋಡಿ ಅಂದ್ಯಾ, ಐದಿರ್ಬೇಕು ಅಂತ ಅಂದ್ಯಾ?”

ಇನ್ನೊಂದು ಸಲ ಎಣಿಸುತ್ತೇನೆ.