ಕಪ್ಪು ಒಳಲಂಗ

ಕುರುಗೋಡಿನ ನಮ್ಮ ಮನೆಯ ಬಾಗಿಲು ಪೂರ್ವಕ್ಕಿತ್ತು, ಅದೇ ನಮಗೆ ಮುಳುವಾಗಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನು ಮತ್ತು ಅಕ್ಕ ಹೊಸ್ತಿಲ ಮೇಲೆ ಒಳಗೆ ಮುಖ ಮಾಡಿ ನಿಲ್ಲಬೇಕಿತ್ತು. ಎದುರಿಗೆ ಒಲೆಯ ಮುಂದೆ ಕೂತ ಸೋದರತ್ತೆ ನಮ್ಮ ಲಂಗವನ್ನೇ ನೋಡುತ್ತಿದ್ದಳು. ಹಿಂದಿನಿಂದ ಬಿದ್ದ ಬಿಸಿಲಿಗೆ ಕಾಲಿನ ನೆರಳು ಕಂಡರೆ ಒಳಲಂಗ ಹಾಕಿಲ್ಲವೆಂದು ಅರ್ಥ. ಆಗ ಮಾತಿಲ್ಲ, ಕತೆಯಿಲ್ಲ. ಕೈಯಲ್ಲಿದ್ದ ಕಬ್ಬಿಣದ ಊದುಗೊಳವೆ ನೇರ ಮೀನಖಂಡಕ್ಕೆ ಬೀಳುತ್ತಿತ್ತು.

ಅವಳು ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡ ಸತ್ತವಳು. ಅವ್ವ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದವಳೂ ಅವಳೇ, ಬಾರಿಸಿದವಳೂ ಅವಳೇ. ನನಗೆ ಅವಳ ಮೇಲೆ ಎಂಥ ಸಿಟ್ಟಿತ್ತೆಂದರೆ, ಒಮ್ಮೆ ಮಧ್ಯಾಹ್ನ ಅವಳು ಮಲಗಿದ್ದಾಗ ಆ ಕೊಳವೆಯನ್ನು ಕದ್ದು ಬಾವಿಗೆ ಎಸೆದಿದ್ದೆ. ಮರುದಿನ ಸಂತೆಯಿಂದ ಹೊಸದು ಬಂತು. ಅದರ ಮೊದಲ ಏಟು ನನಗೇ ಬಿತ್ತು.

ಅಕ್ಕನಿಗೆ ಹದಿನೇಳಾದಾಗ ಸಿರುಗುಪ್ಪದ ಅಜ್ಜಿ, ಅಂದರೆ ಅವ್ವನ ತಾಯಿ, ಬಂದು ಅವಳನ್ನು ಕರೆದುಕೊಂಡು ಹೋದಳು. ಅಕ್ಕನನ್ನು ಅವ್ವನ ಕಿರಿಯ ತಮ್ಮನಿಗೆ ಕೊಡುವುದೆಂದು ಅವಳು ಹುಟ್ಟಿದಾಗಲೇ ಮಾತಾಗಿತ್ತು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ವಾಡಿಕೆ. ಅಜ್ಜಿಗೆ ಮೊಣಕಾಲು ನೋವು, ಮನೆಗೆಲಸಕ್ಕೆ ಹೆಣ್ಣಾಳು ಬೇಕಿತ್ತು. ಮದುವೆ ಆಮೇಲೆ, ಚಾಕರಿ ಮೊದಲು. ಮಾವ ಅಲ್ಲಿಯೇ ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದ. ಕ್ರಾಪು ತೀಡಿಕೊಂಡು, ನಗುನಗುತ್ತಾ ಮಾತಾಡುವವನು. ನನಗೂ ಅವನೆಂದರೆ ಇಷ್ಟವಿತ್ತು ಎಂದು ಬರೆಯಲು ಇವತ್ತಿಗೂ ಮೈ ಉರಿಯುತ್ತದೆ.

ನಾನು ಆಗ ದಿನಾ ಬಸ್ಸು ಹಿಡಿದು ಬಳ್ಳಾರಿಯ ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನಿಂದ ಮೂರ್ನಾಲ್ಕು ತಿಂಗಳಿಗೊಂದು ಕಾಗದ ಬರುತ್ತಿತ್ತು. ಎಲ್ಲದರಲ್ಲೂ ಒಂದೇ ಬೇಡಿಕೆ: ಒಂದು ಒಳಲಂಗ ಬೇಕು, ಕಪ್ಪು ಬಣ್ಣ, ದಪ್ಪ ಬಟ್ಟೆ, ಹಿಮ್ಮಡಿ ಮುಚ್ಚುವಷ್ಟು ಉದ್ದ. ಅತ್ತೆಯ ಹೊಡೆತ ತಿಂದು ತಿಂದು ಇವಳಿಗೆ ಒಳಲಂಗದ ಹುಚ್ಚು ಹಿಡಿದಿದೆ ಎಂದುಕೊಂಡು ನಾನು ನಗುತ್ತಿದ್ದೆ. ಸತ್ಯನಾರಾಯಣಪೇಟೆಯ ಒಬ್ಬ ದರ್ಜಿಯ ಹತ್ತಿರ ಹೊಲಿಸಿ, ಸಿರುಗುಪ್ಪ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆ.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಅಕ್ಕನ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು, ಜೊತೆಗೆ ಮತ್ತೊಂದು ಕಾಗದ ಬಂತು. ದರ್ಜಿಯ ಹತ್ತಿರ ಹೋದರೆ ಅಂಗಡಿಯ ತುಂಬ ನೀಲಿ ಪ್ಯಾಂಟಿನ ರಾಶಿ. ಅವನು ಕತ್ತು ಕೂಡ ಎತ್ತಲಿಲ್ಲ.

"ಒಳಲಂಗ ಹೊಲಿಯಾಕ ಪುರುಸೊತ್ತಿಲ್ಲವ್ವ. ಊರಾಗಿನ ದರ್ಜಿಗಳೆಲ್ಲಾ ಈಗ ಜೀನ್ಸ್ ಪ್ಯಾಂಟ್ ಹಿಡದಾರ. ಮಿಷನ್‌ಗೆ ದಪ್ಪ ಸೂಜಿ ಹಾಕೀನಿ, ನಿನ್ನ ಬಟ್ಟಿ ಹರದು ಹೋಗ್ತೈತಿ."

ಇನ್ನೂ ನಾಲ್ಕು ದರ್ಜಿಗಳು ಅದನ್ನೇ ಹೇಳಿದರು. ಕೊನೆಗೆ ಸಿದ್ಧ ಉಡುಪಿನ ಅಂಗಡಿಯೊಂದಕ್ಕೆ ನುಗ್ಗಿದೆ.

"ಈಗಿನ ಹುಡುಗ್ಯಾರು ಅವನ್ನ ಹಾಕಂಗಿಲ್ಲವ್ವ. ನೈಲಾನ್ ಒಂದು ಉಳದೈತಿ, ನೋಡು" ಎಂದು ಅಂಗಡಿಯವನು ಒಂದನ್ನು ಮುಂದೆ ಎಸೆದ. ಒಳಗೆ ಕೈ ಹಾಕಿದರೆ ಐದೂ ಬೆರಳು ಕಾಣುತ್ತಿದ್ದವು. ಅದನ್ನು ಮುದ್ದೆ ಮಾಡಿ ಅವನ ಮುಖಕ್ಕೇ ಎಸೆದು ಬಂದೆ.

ನಿಶ್ಚಿತಾರ್ಥದ ಹಿಂದಿನ ದಿನ ಸಿರುಗುಪ್ಪದವರೆಲ್ಲ ನಮ್ಮ ಮನೆಗೆ ಬಂದರು. ಅಕ್ಕ ಬಂದವಳೇ ನನ್ನನ್ನು ಕೋಣೆಗೆ ಎಳೆದುಕೊಂಡು ಹೋದಳು.

"ತಂದೀಯೇನು?"

"ಎಲ್ಲಿ ಸಿಗ್ತಾವ? ಮುದುಕ್ಯಾರೂ ಬಿಟ್ಟಾರ, ನೀನೊಬ್ಬಾಕಿ ಒಳಲಂಗ ಒಳಲಂಗ ಅಂತೀ" ಎಂದು ನಕ್ಕೆ. ಅವಳು ನಗಲಿಲ್ಲ, ಗೋಡೆ ಹಿಡಿದು ಕೂತಳು. ಮೊದಲಿನವೆಲ್ಲ ಹರಿದಿದ್ದವು, ಅವಳ ಹತ್ತಿರ ಉಳಿದಿದ್ದ ಒಂದೂ ಬರುವಾಗ ಬಸ್ಸಿನ ತಗಡಿಗೆ ಸಿಕ್ಕಿ ಉದ್ದಕ್ಕೆ ಸೀಳಿತ್ತು. ನನ್ನದೊಂದನ್ನು ಕೊಟ್ಟೆ. ಅಕ್ಕ ನನಗಿಂತ ಗೇಣು ಎತ್ತರ, ಅದು ಅವಳ ಮೊಣಕಾಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಶಾಸ್ತ್ರಕ್ಕೆ ಮೊದಲು ಅಕ್ಕ ಗುಡಿಗೆ ಹೋಗಿ ದೀಪ ಹಚ್ಚಿ ಬರಬೇಕಿತ್ತು. ಅಜ್ಜಿ ತಂದಿದ್ದ ತೆಳು ಹಳದಿ ಲಂಗ ಉಟ್ಟು, ಹಳೆಯ ರೂಢಿಯಂತೆ ಹೊಸ್ತಿಲ ಮೇಲೆ ಒಳಗೆ ಮುಖ ಮಾಡಿ ನಿಂತಳು. ಬಿಸಿಲಿಗೆ ಮೊಣಕಾಲಿನಿಂದ ಕೆಳಗೆ ಎರಡೂ ಕಾಲು ಕಂಡವು. ಅತ್ತೆ ಎದ್ದು ಬಂದು ಕೊಳವೆ ಬೀಸಿದಳು.

ಒಂದೇ ಏಟು, ಯಾವಾಗಲೂ ಹೊಡೆಯುತ್ತಿದ್ದಷ್ಟೇ. ಆದರೆ ಅಕ್ಕ ಕಿರುಚಿದ್ದಕ್ಕೆ ಅಂಗಳದಲ್ಲಿದ್ದ ಮಂದಿಯೆಲ್ಲ ಎದ್ದು ನಿಂತರು. ಹಳದಿ ಲಂಗದ ಅಂಚು ಕೆಂಪಾಯಿತು. ರಕ್ತ ಪಾದದ ಮೇಲೆ ಇಳಿದು ಹೊಸ್ತಿಲ ರಂಗೋಲಿಗೆ ಹರಿಯಿತು.

ಅತ್ತೆ ಕುಕ್ಕರಗಾಲಲ್ಲಿ ಕೂತು ಲಂಗ ಎತ್ತಿದಳು. ನಾನು ಪಕ್ಕದಲ್ಲೇ ಇದ್ದೆ. ಮೀನಖಂಡದಿಂದ ತೊಡೆಯವರೆಗೆ ಎರಡೆರಡು ಬೆರಳು ಅಗಲದ ಬಾಸುಂಡೆ. ಕೆಲವು ಕಪ್ಪಾಗಿದ್ದವು, ಕೆಲವು ಕೀವು ಕಟ್ಟಿದ್ದವು, ಒಂದು ಈಗಷ್ಟೇ ಬಾಯಿ ಬಿಟ್ಟಿತ್ತು.

"ಯಾರು?" ಎಂದಳು ಅತ್ತೆ.

ಅಕ್ಕ ಅಂಗಳದ ಕಡೆ ನೋಡಿದಳು. "ಗಿರಣಿ ಬೆಲ್ಟು" ಎಂದಳು, ಅಷ್ಟೇ.

ಮಾವ ಹೊಸ ಪಂಚೆ ಉಟ್ಟು ಎಲೆಯಡಿಕೆ ಜಗಿಯುತ್ತಾ ಚಾಪೆಯ ಮೇಲೆ ಕೂತಿದ್ದ. ಮೊದಲ ಏಟು ಅವನ ಮಣಿಕಟ್ಟಿಗೆ ಬಿತ್ತು, ಎರಡನೆಯದು ದವಡೆಗೆ. ಎಲೆಯಡಿಕೆಯ ಜೊತೆ ಒಂದು ಹಲ್ಲೂ ಚಾಪೆಗೆ ಬಿತ್ತು. ನಾನು ಅಡ್ಡ ಹೋಗಲಿಲ್ಲ. ಇನ್ನೂ ಹೊಡೆಯಲಿ, ಸಾಯಲಿ ಎಂದೇ ನಿಂತಿದ್ದೆ.

"ಅಕ್ಕಾ, ಬಿಡು, ಸಂಬಂಧ ಕೆಡ್ತೈತಿ" ಎಂದು ಅಪ್ಪ ಕೈ ಹಿಡಿಯಲು ಬಂದ.

"ಸುಟ್ಟು ಹೋಗ್ಲಿ ನಿನ್ನ ಸಂಬಂಧ" ಎಂದು ಅತ್ತೆ ಅವನ ಮೊಣಕೈಗೂ ಒಂದು ಬಿಟ್ಟಳು.

ಅಜ್ಜಿ ಎದೆ ಬಡಿದುಕೊಂಡು ನಡುವೆ ಬಂದಳು. "ಗಂಡಸು ಅಂದ ಮ್ಯಾಲ ಎರಡೇಟು ಹೊಡೀತಾನ. ನೀ ಏನು ಕಡಿಮಿ? ಈಗ ಆಕಿ ಕಾಲಿನ್ಯಾಗ ರಕ್ತ ತಗದಾಕಿ ಯಾರು? ನೀನಾ ಅಲ್ಲೇನು?"

ಎತ್ತಿದ ಕೈ ಹಾಗೇ ನಿಂತಿತು. ಅತ್ತೆ ಕೊಳವೆಯನ್ನು ನೋಡಿದಳು, ಹೊಸ್ತಿಲಲ್ಲಿ ಕುಸಿದಿದ್ದ ಅಕ್ಕನನ್ನು ನೋಡಿದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಆ ಕಬ್ಬಿಣವನ್ನು ಬಡಿದಳು, ಬಡಿದಳು, ಡೊಂಕಾಗಿ ಅಂಗೈ ಒಡೆಯುವವರೆಗೂ ಬಡಿದಳು.

"ನನ್ನ ಹುಡುಗಿ ಬರಂಗಿಲ್ಲ. ನಡೀರಿ" ಎಂದಳು.

ಅವರು ಹೋದರು. ಅತ್ತೆ ನಮ್ಮ ಮೇಲೆ ಮತ್ತೆ ಕೈ ಎತ್ತಲಿಲ್ಲ. ಮನೆಗೆ ಇನ್ನೊಂದು ಊದುಗೊಳವೆಯೂ ಬರಲಿಲ್ಲ. ಒಲೆಗೆ ಬಾಯಿಯಿಂದಲೇ ಊದಿ ಕೆಮ್ಮುತ್ತಿದ್ದಳು.

ಅಂದು ಮಧ್ಯಾಹ್ನ ನಾನು ಬಿಸಿನೀರಿಗೆ ಅರಿಶಿನ ಹಾಕಿ ಅಕ್ಕನ ಕಾಲು ತೊಳೆಯುತ್ತಿದ್ದೆ. ನನಗೆ ಅವಳ ಮೇಲೂ ಸಿಟ್ಟು ಬಂತು.

"ಒಂದು ಕಾಗದದಾಗಾದ್ರೂ ಬರೀಬಾರದೇನ? ಬರೇ ಒಳಲಂಗ ಕಳಸು ಅಂತ ಬರೀತಿದ್ದಿ."

"ಅದನ್ನ ನಾ ಬರದಿದ್ದಲ್ಲ. ಮಾವ ಮುಂದ ಕುಂತು ಬರಸತಿದ್ದ. ಕಪ್ಪನ್ನೂದು, ದಪ್ಪನ್ನೂದು, ಉದ್ದ ಎಷ್ಟಂತ, ಎಲ್ಲಾ ಅವನಾ ಹೇಳತಿದ್ದ." ಅಕ್ಕ ನೀರನ್ನೇ ನೋಡುತ್ತಿದ್ದಳು. "ನಿನ್ನ ಗಂಟು ಬಂದ ದಿನ ಭಾಳ ಹೊಡೀತಿದ್ದ. ಇನ್ನ ಕಾಣಂಗಿಲ್ಲ, ಉಟ್ಕೋ ಅಂತಿದ್ದ."

ಎರಡು ವರ್ಷದಲ್ಲಿ ನಾನು ಏಳು ಒಳಲಂಗ ಕಳಿಸಿದ್ದೆ. ಬಟ್ಟೆ ಇನ್ನೂ ದಪ್ಪವಿರಲಿ, ಇನ್ನೂ ನಾಲ್ಕು ಬೆರಳು ಉದ್ದವಿರಲಿ ಎಂದು ದರ್ಜಿಯ ಜೊತೆ ಜಗಳವಾಡಿ ಒಂದೊಂದನ್ನೂ ಹೊಲಿಸಿದ್ದೆ.